ತಕರಾರು ಬಂದಿಲ್ಲ

ಟೀಮಿಗೆ ಹೊಸ ಹುಡುಗರು ಸೇರಿದಾಗೆಲ್ಲ ಗಿಟ್ ಕಲಿಸುವ ಕೆಲಸ ನನ್ನ ತಲೆಗೇ ಬರುತ್ತದೆ. ಕ್ಲೋನ್, ಬ್ರಾಂಚ್, ಕಮಿಟ್, ಪುಶ್. ಒಂದೂವರೆ ತಾಸಿನಲ್ಲಿ ಮುಗಿಸ್ತೀನಿ. ಕೊನೆಗೊಂದು ಡೈಲಾಗ್ ಕೂಡ ಇತ್ತು: "ಗಿಟ್‌ನಲ್ಲಿ ಹಾಕಿದ್ರೆ ಮುಗೀತು, ಯಾರು ಯಾವಾಗ ಏನು ಮಾಡಿದ್ರು ಎಲ್ಲಾ ಗೊತ್ತಾಗುತ್ತೆ." ಈಗ ಆ ಮಾತು ಹೇಳೋದು ಬಿಟ್ಟಿದ್ದೀನಿ. ಬಿಡಿಸಿದ್ದು ನಮ್ಮ ಹೊಲದ ಉತಾರ.

ಉತಾರ ಅಂದ್ರೆ ಪಹಣಿ, ನಮ್ಮ ಕಡೆ ಹಂಗ ಅಂತೀವಿ. ನಮ್ಮೂರು ಮೊದಲು ರೋಣ ತಾಲೂಕು, ಈಗ ಗಜೇಂದ್ರಗಡ. 1997ರಲ್ಲಿ ಗದಗ ಜಿಲ್ಲೆ ಆಗೋತನಕ ಎಲ್ಲವೂ ಧಾರವಾಡ. ಜಿಲ್ಲೆ ಬದಲಾಯಿತು, ತಾಲೂಕು ಒಡೆಯಿತು. ಆದರೂ ನಂಬರ್ ಹಿಡಿದು ಹೋದ್ರೆ ಹಳೇ ಕಾಗದ ಸಿಗುತ್ತದೆ. ಸಾಫ್ಟ್‌ವೇರಿನವರು ಒಮ್ಮೆಯಾದರೂ ಪಹಣಿ ಓದಬೇಕು. 9ನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು. 10ನೇ ಕಾಲಮ್ಮಿನಲ್ಲಿ ಆ ಹೆಸರು ಅಲ್ಲಿಗೆ ಹೇಗೆ ಬಂತು ಅನ್ನೋದಕ್ಕೆ ಮ್ಯುಟೇಶನ್ ನಂಬರ್. ಅಂದರೆ 9ನೇದು ಇವತ್ತಿನ ಕೋಡ್, 10ನೇದು ಕಮಿಟ್ ಐಡಿ. ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದದ್ದು 2005ರಲ್ಲಿ. ನಮ್ಮ ತಲಾಠಿಗಳು ಅದಕ್ಕಿಂತ ಎಷ್ಟೋ ಮೊದಲೇ ಹೀಗೆ ಬರೀತಿದ್ರು.

ರಿವ್ಯೂ ಕೂಡ ಇತ್ತು. ವರದಿ ಕೊಡಬೇಕು, ಚಾವಡಿಯಲ್ಲಿ ನೋಟಿಸ್ ಹಚ್ಚಬೇಕು, ತಕರಾರಿಗೆ 30 ದಿನ ಕಾಯಬೇಕು, ಆಮೇಲೆ ಕಂದಾಯ ನಿರೀಕ್ಷಕರ ಸಹಿ. ನಮ್ಮ ಪುಲ್ ರಿಕ್ವೆಸ್ಟಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ? 2000ದ ಆಸುಪಾಸು 'ಭೂಮಿ' ಯೋಜನೆ ಬಂದ ಮೇಲಂತೂ ಕೈಬರಹದ ಪಹಣಿ ಹೋಗಿ, ನೌಕರರು ಬೆರಳಚ್ಚು ಒತ್ತಿಯೇ ಒಳಗೆ ಹೋಗುವ ವ್ಯವಸ್ಥೆ ಆಯಿತು. ಎಷ್ಟೋ ಕಂಪನಿಗಳ ರೆಪೊಗಿಂತ ಬಿಗಿ.

ಕಳೆದ ವರ್ಷ ಬೆಳೆ ಸಾಲದ ಸಲುವಾಗಿ ಉತಾರ ತೆಗೆಸಿದೆ. ಮಾಲೀಕರು ಇಬ್ಬರು: ಅಪ್ಪ, ಕಾಕಾ. ಅಜ್ಜನಿಗೆ ಮಕ್ಕಳು ಮೂವರು. ನರಗುಂದಕ್ಕೆ ಕೊಟ್ಟ ನಮ್ಮ ಸೋದರತ್ತೆ ಎಲ್ಲಿ? 10ನೇ ಕಾಲಮ್ಮಿನ ನಂಬರ್ ಹಿಡಿದು ವಾರಸಾ ಕಾಗದದ ನಕಲು ತೆಗೆಸಿದೆ. ಎಲ್ಲಾ ಕ್ರಮಬದ್ಧ. ವಂಶಾವಳಿ ಇದೆ, ಪಂಚರ ಸಹಿ ಇದೆ, ನೋಟಿಸ್ ಹಚ್ಚಿದ ತಾರೀಖು ಇದೆ. ಕೆಳಗೆ ಎರಡೇ ಪದ: "ತಕರಾರು ಬಂದಿಲ್ಲ." ವಂಶಾವಳಿಯಲ್ಲಿ ಮಾತ್ರ ಅಜ್ಜನಿಗೆ ಇಬ್ಬರೇ ಮಕ್ಕಳು.

ಬರೆಸಿದ್ದು ನಮ್ಮಪ್ಪನೇ. ಕೇಳಿದೆ. "ಆವಾಗ ಎಲ್ಲಾರೂ ಹಂಗ ಮಾಡ್ತಿದ್ರು. ಕೊಟ್ಟ ಹೆಣ್ಮಗಳು, ಆಕಿನೇನು ಕೇಳೂದು ಅಂತ," ಅಂದ. ಉಯಿಲು ಬರೆಯದೆ ತಂದೆ ತೀರಿಕೊಂಡರೆ ಮಗಳೂ ವಾರಸುದಾರಳು ಅಂತ 1956ರ ಕಾಯ್ದೆಯೇ ಹೇಳುತ್ತದೆ. ಆದರೆ ನರಗುಂದದಲ್ಲಿದ್ದ ಅತ್ತೆ ನಮ್ಮೂರ ಚಾವಡಿಯ ಗೋಡೆ ಓದೋದು ಹೇಗೆ? ನೋಟಿಸ್ ಹೋಗೋದು ಕಾಗದದಲ್ಲಿ ಹೆಸರಿದ್ದವರಿಗೆ. ಹೆಸರೇ ಇಲ್ಲದವರಿಗೆ ಯಾರು ಕೊಡಬೇಕು?

ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡೇ ಬೆಂಗಳೂರಿಗೆ ಬಂದೆ. ಬಂದ ಎರಡನೇ ವಾರಕ್ಕೆ ನನ್ನದೂ ಅದೇ ಕತೆ ಆಯಿತು. ಹಿಂದಿನ ಕಂಪನಿಯ ಮಾತು. ಎಲ್ಲರೂ ಹಂಚಿಕೊಂಡ ಒಂದು ಸೆಟ್ಟಿಂಗ್ಸ್ ಫೈಲು. ಮರ್ಜ್ ಮಾಡುವಾಗ ಕಾನ್‌ಫ್ಲಿಕ್ಟ್ ಬಂದಿದೆ, ಒಬ್ಬ ತನ್ನ ಕಡೆಯ ಸಾಲು ಇಟ್ಟುಕೊಂಡು ಇನ್ನೊಂದು ಟೀಮಿನ ಹುಡುಗಿ ಹಾಕಿದ್ದ ಸಾಲನ್ನು ತೆಗೆದಿದ್ದಾನೆ. ಮೆಸೇಜು "ಕಾನ್‌ಫ್ಲಿಕ್ಟ್ ಫಿಕ್ಸ್". ಆಕೆಯ ಮೂರು ದಿನದ ಕೆಲಸ ಪ್ರೊಡಕ್ಷನ್ನಿನಲ್ಲಿ ಸುಮ್ಮನೆ ಆಫ್ ಆಗಿ ಕೂತಿತ್ತು, ಬೈಸಿಕೊಂಡಿದ್ದೂ ಆಕೆಯೇ. ಯಾರು ತೆಗೆದಿದ್ದು ಅಂತ ಹುಡುಕಲು ಬ್ಲೇಮ್ ಹಾಕಿದೆ. ಏನೂ ಇಲ್ಲ. ಬ್ಲೇಮ್ ಇರುವ ಸಾಲಿನ ಕತೆ ಹೇಳುತ್ತದೆ, ಹೋದ ಸಾಲಿನದಲ್ಲ. ಪ್ಯಾಚ್ ಸಮೇತ ಲಾಗ್ ತೆಗೆದರೂ ಮರ್ಜ್ ಕಮಿಟ್ಟಿನ ಒಳಗೇನಾಯಿತು ಅಂತ ಗಿಟ್ ತಾನಾಗಿ ತೋರಿಸುವುದಿಲ್ಲ, ಬೇರೆ ಆಪ್ಷನ್ ಕೊಟ್ಟು ಕೇಳಬೇಕು. ಕೇಳಿದೆ. ಆ ಸಾಲು ಕೆಂಪಗೆ ಕಾಣಿಸಿತು. ಪಕ್ಕದಲ್ಲೇ ಅಪ್ರೂವ್ ಮಾಡಿದವನ ಹೆಸರು: ನನ್ನದು. ಆರುನೂರು ಸಾಲಿನ ಬದಲಾವಣೆಗೆ ನಾನು ಬರೆದದ್ದು "ಎಲ್‌ಜಿಟಿಎಂ". ನಾಲ್ಕೇ ಅಕ್ಷರ. ಕನ್ನಡದಲ್ಲಿ ಅದಕ್ಕೆ "ತಕರಾರು ಬಂದಿಲ್ಲ" ಅಂತಾರೆ.

ನನ್ನ ತಕರಾರು ಗಿಟ್ ಮೇಲಲ್ಲ, ಅದನ್ನು ನಾವು ಕಲಿಸುವ ರೀತಿ ಮೇಲೆ. ಟ್ಯುಟೋರಿಯಲ್‌ಗಳು ಕಮಾಂಡ್ ಕಲಿಸುತ್ತವೆ, ಓದೋದನ್ನು ಕಲಿಸುವುದಿಲ್ಲ. ಇತಿಹಾಸ ಉಳಿಯುತ್ತದೆ ಅನ್ನೋ ಧೈರ್ಯದ ಮೇಲೆ ಓದದೇ ಒಪ್ಪಿಗೆ ಕೊಡ್ತೀವಿ. ಓದದೆ ಕೊಟ್ಟ ಒಪ್ಪಿಗೆ, ಒಪ್ಪಿಗೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು. ತಪ್ಪಿಗೆ ಸಿಕ್ಕಾ ಹೊಡೆದು ಕಪಾಟಿನಲ್ಲಿಟ್ಟ ಹಾಗೆ. ಲಿನಕ್ಸ್ ಕರ್ನಲ್ಲಿನವರು 2004ರಿಂದಲೇ ಪ್ರತಿ ಪ್ಯಾಚಿನ ಕೆಳಗೆ 'ಸೈನ್ಡ್ ಆಫ್ ಬೈ' ಅಂತ ಹೆಸರು ಹಾಕಿಸ್ತಾರೆ, ಬದಲಾವಣೆ ಯಾಕೆ ಅಂತಲೂ ಬರೆಸ್ತಾರೆ. ಆದರೆ ಸಹಿಯೊಂದೇ ಸಾಲದು ಅನ್ನೋದಕ್ಕೆ ನಮ್ಮ ವಂಶಾವಳಿಯೇ ಸಾಕ್ಷಿ. ಪಂಚರೆಲ್ಲ ಸಹಿ ಹಾಕಿದ್ದರು, ಅತ್ತೆಯ ಮದುವೆಯಲ್ಲಿ ಉಂಡವರೇ.

ಮಾಡಬೇಕಾದ್ದು ದೊಡ್ಡದೇನಲ್ಲ. ಬದಲಾವಣೆಯಿಂದ ಯಾರ ಕೆಲಸಕ್ಕೆ ಪೆಟ್ಟು ಬೀಳಬಹುದೋ ಅವರೇ ನೋಡಬೇಕು. ಕೋಡ್‌ಓನರ್ಸ್ ಫೈಲು ಇರೋದು ಇದಕ್ಕೇ, ಅದರಲ್ಲಿ ಬಿಟ್ಟುಹೋದ ಹೆಸರು ಯಾವುದು ಅಂತ ಆಗಾಗ ಕೇಳಿಕೊಳ್ಳಬೇಕು. ಬದಲಾವಣೆ ಸಣ್ಣದಿರಬೇಕು, ಓದೋಕ್ಕಾಗುವಷ್ಟು. ಕಾನ್‌ಫ್ಲಿಕ್ಟ್ ಬಂದರೆ ಆ ಕಡೆಯ ಸಾಲು ಬರೆದವರಿಗೆ ಒಂದು ಫೋನ್ ಮಾಡಬೇಕು. ಅಪ್ಪ ಅವತ್ತು ಮಾಡದೇ ಬಿಟ್ಟದ್ದು ಇದನ್ನೇ.

ಅಪ್ಪ, ಕಾಕಾ ಈಗ ಒಪ್ಪಿದ್ದಾರೆ, ಅರ್ಜಿ ಕೊಟ್ಟಿದ್ದೀವಿ. ಹಳೇ ನಂಬರ್ ಅಳಿಸೋದಿಲ್ಲ, ಅದರ ಮುಂದೆ ಹೊಸದೊಂದು ಬರುತ್ತದೆ. ಕಾಗದ ತೋರಿಸೋಕೆ ನರಗುಂದಕ್ಕೆ ಹೋಗಿದ್ದಾಗ ಅತ್ತೆ ಚಸ್ಮಾ ಹಾಕಿಕೊಂಡು ಹಳೇ ನಕಲನ್ನು ಬಹಳ ಹೊತ್ತು ನೋಡಿದಳು.

"ನನ್ನ ಹೆಸರು ಯಾಕ ಬಿಟ್ರು ಅಂತ ಇದರಾಗ ಬರದಾರೇನು, ಯಪ್ಪಾ?"

ಇಲ್ಲ ಅತ್ತಿ, ಬರೆದಿಲ್ಲ ಅಂದೆ. ಈಗ ಹೊಸ ಹುಡುಗರ ಕ್ಲಾಸು ಈ ಪ್ರಶ್ನೆಯಿಂದಲೇ ಶುರು ಮಾಡ್ತೀನಿ.