ದಿಣ್ಣೆಯ ಆಚೆ ಈಚೆ

ಕಾರ್ತಿಕ ಬಂತೆಂದರೆ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಬೆಂಗಳೂರನ್ನು ಕಾಲ್ನಡಿಗೆಯಲ್ಲಿ ನೋಡಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ದಿನಗಳು ಸಿಗುವುದಿಲ್ಲ. ಮಳೆ ಹಿಂದೆ ಸರಿದಿರುತ್ತದೆ, ಬಿಸಿಲು ಹದವಾಗಿರುತ್ತದೆ, ಆಕಾಶಮಲ್ಲಿಗೆ ಮರಗಳು ರಾತ್ರಿ ಉದುರಿಸಿದ ಹೂವು ಬೆಳಗ್ಗೆ ಫುಟ್‌ಪಾತಿನ ತುಂಬ ಬಿದ್ದಿರುತ್ತದೆ.

ಆಲೂರು, ಸಕಲೇಶಪುರ ಸೀಮೆಯ ನಮ್ಮ ಕುಂದೂರಿನ ಕಡೆಯವರಿಗೆ ಇನ್ನೊಂದು ಕಾರಣವೂ ಇದೆ. ಗದ್ದೆಯಲ್ಲಿ ಭತ್ತ ತೆನೆ ತುಂಬಿದ ಈ ಹೊತ್ತಿಗೆ ಆನೆಗಳು ಇಳಿಯುತ್ತವೆ. 2014ರಲ್ಲಿ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದ ಮೇಲೂ ಸಂಜೆ ತೋಟದ ದಾರಿಯಲ್ಲಿ ಗಂಡ ಹೆಂಡತಿ ಮಾತಾಡಿಕೊಂಡು ನಿಶ್ಚಿಂತೆಯಿಂದ ನಡೆಯುವ ಕಾಲ ಮರಳಿ ಬರಲಿಲ್ಲ. ಹಾಗಾಗಿ ನಾವಿಬ್ಬರೂ ಶರದೃತುವಿನ ದೊಡ್ಡ ನಡಿಗೆಗೆ ಬೆಂಗಳೂರಿನ ಬಸ್ಸು ಹತ್ತುತ್ತೇವೆ.

ಹೊರಡುವ ಮೊದಲು ಕೈಗಡಿಯಾರದಲ್ಲಿ ಹೆಜ್ಜೆ ಎಣಿಸುವವರ ಬಳಿ ಒಂದು ಹಳೆಯ ಲೆಕ್ಕ ಚುಕ್ತಾ ಆಗಬೇಕು. ದಿನಕ್ಕೆ 10,000 ಹೆಜ್ಜೆ ಎಂಬುದನ್ನು ಶಾಸ್ತ್ರವಾಕ್ಯದಂತೆ ಹಿಡಿದಿದ್ದಾರಲ್ಲ, ಆ ಸಂಖ್ಯೆ ಯಾವ ವೈದ್ಯರ ಪ್ರಯೋಗದಿಂದಲೂ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಲ್ಲೇ ಆ ಅಂಕಿ ಇತ್ತು, ಅಲ್ಲಿಂದ ಜಗತ್ತಿಗೆ ಹಬ್ಬಿತು. ಅಂಕಿ ಮುಟ್ಟಲು ನಡೆಯುವವರು ಎಲ್ಲಿ ನಡೆದರೂ ಒಂದೇ. ಒಂದೇ ದಿನದಲ್ಲಿ ಊರನ್ನೆಲ್ಲ ವ್ಯಾನಿನಲ್ಲಿ ಸುತ್ತಿ, ವಿಧಾನಸೌಧ, ಅರಮನೆ ಎಂದು ಪಟ್ಟಿಗೆ ಗೀಟು ಹಾಕಿಕೊಳ್ಳುವವರಿಗೂ ಇದೇ ಮಾತು ಸಲ್ಲುತ್ತದೆ. ಊರಿನ ಏರು ಇಳಿತ ಕಾಲಿಗೆ ತಿಳಿಯದೆ ಹೋದರೆ ಊರು ನೋಡಿದಂತಾಗುವುದಿಲ್ಲ.

ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದವರು ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ನಡಿಗೆ ಅಲ್ಲಿಂದಲೇ ಶುರುವಾಗಲಿ. ಚಿಕ್ಕಪೇಟೆ, ದೊಡ್ಡಪೇಟೆ ಕೂಡುವ ಚೌಕದಿಂದ 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದರೆಂದು ಪ್ರತೀತಿ. ಮುಂದೆ 1921ರ ಕೆ.ಆರ್. ಮಾರ್ಕೆಟ್ಟು, ಅದೂ ಸಿದ್ದಿಕಟ್ಟೆ ಎಂಬ ಕೆರೆಯಿದ್ದ ಜಾಗ. ಪಕ್ಕದ ಕೋಟೆಯ ಎದುರು ಸಕಲೇಶಪುರದ ಸೀಮೆಯವರು ಸ್ವಲ್ಪ ಹೊತ್ತು ನಿಲ್ಲಬೇಕು. 1791ರ ಮಾರ್ಚಿನಲ್ಲಿ ಈ ಕೋಟೆ ಕಾರ್ನ್‌ವಾಲಿಸನ ಕೈಸೇರಿತು. ಮರುವರ್ಷ ಟಿಪ್ಪುವಿನ ಮಂಜರಾಬಾದ್ ಕೋಟೆ ನಮ್ಮ ಗುಡ್ಡದ ಮೇಲೆ ಎಂಟು ಮೂಲೆಯ ನಕ್ಷತ್ರದಂತೆ ಎದ್ದಿತು. ಇಲ್ಲಿ ಸೋತವರು ಘಟ್ಟದ ದಾರಿಯನ್ನು ಯಾಕೆ ಅಷ್ಟು ಜೋಪಾನ ಮಾಡಿದರು ಎಂಬುದು ಈ ಗೋಡೆಯ ಕೆಳಗೆ ನಿಂತರೆ ಹೊಳೆಯುತ್ತದೆ.

ಚಾಮರಾಜಪೇಟೆಯಲ್ಲಿ ಸಾಹಿತ್ಯ ಪರಿಷತ್ತಿಗೆ ಕೈಮುಗಿದು ಕೆಂಪಾಂಬುಧಿಗೆ ಇಳಿಯಿರಿ. ಅಲ್ಲಿಂದ ಗವಿಪುರ, ಮತ್ತೆ ಏರು. ಗವಿಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ಮಾಸ್ತಿಯವರು ಇಳಿವಯಸ್ಸಿನಲ್ಲೂ ಕೊಡೆ ಹಿಡಿದು ನಡೆದೇ ಹೋಗುತ್ತಿದ್ದರು. ಅವರ ದೊಡ್ಡತನದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಈ ಏರಿನ ಬಗ್ಗೆ ಯಾರೂ ಬರೆದಂತಿಲ್ಲ.

ಹಿಂದೊಮ್ಮೆ ನಾವಿಬ್ಬರೂ ಹೀಗೇ ದೊಡ್ಡ ಬಸವಣ್ಣನ ದರ್ಶನ ಮಾಡಿ, ಸೇರುಗಟ್ಟಲೆ ಕಡಲೆಕಾಯಿ ರಾಶಿಗಳ ನಡುವೆ ನುಸುಳಿ, ಕಹಳೆ ಬಂಡೆಯ ಮೇಲೆ ಕೂತು ಸಿಪ್ಪೆ ಸುಲಿದು, ಗಾಂಧಿಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ದೋಸೆ ತಿಂದು ಲಾಲ್‌ಬಾಗಿನ ಕಡೆ ತಿರುಗಿದ್ದೆವು. ನಮ್ಮ ಮನೆಯವರು ತಟ್ಟನೆ ನಿಂತರು. “ರೀ, ಇಲ್ಲಿಂದ ಇಳಿಜಾರು ಆ ಕಡೆಗೆ ತಿರುಗ್ತು ಕಣ್ರೀ. ಬಿಸಿಲೆ ಹತ್ರ ಆಗುತ್ತಲ್ಲ, ಹಂಗೇ.”

ಬಿಸಿಲೆಯ ಹತ್ತಿರ ಮಂಕನಹಳ್ಳಿಯಲ್ಲಿ ಘಟ್ಟದ ಏಣು ಇದೆ. ಅಲ್ಲಿ ಪಡುವಣಕ್ಕೆ ಬಿದ್ದ ಮಳೆ ಕುಮಾರಧಾರೆಗೆ, ನೇತ್ರಾವತಿಗೆ, ಅರಬ್ಬಿ ಸಮುದ್ರಕ್ಕೆ. ಮೂಡಣಕ್ಕೆ ಬಿದ್ದದ್ದು ಹೇಮಾವತಿಗೆ, ಕಾವೇರಿಗೆ, ಬಂಗಾಳ ಕೊಲ್ಲಿಗೆ. ಬಸವನಗುಡಿಯೂ ಅಂಥದ್ದೇ ದಿಣ್ಣೆ. ಹೆಂಚಿನ ಮನೆಯ ಮಾಡಿನ ಹಾಗೆ ಎರಡು ಕಡೆಗೆ ನೀರಿಳಿಸುತ್ತದೆ. ಪಶ್ಚಿಮಕ್ಕೆ ವೃಷಭಾವತಿ, ಹುಟ್ಟಿದ್ದು ಬಸವಣ್ಣನ ಪಾದದಲ್ಲಿ ಎಂದು ಜನ ನಂಬುವ ಹೊಳೆ. ಅದು ಅರ್ಕಾವತಿಯನ್ನು ಸೇರಿ, ಮೇಕೆದಾಟಿಗಿಂತ ಮೇಲೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಪೂರ್ವಕ್ಕೆ ಲಾಲ್‌ಬಾಗ್ ಕೆರೆಯ ನೀರು ಬೆಳ್ಳಂದೂರು, ವರ್ತೂರು ಹಾದು ದಕ್ಷಿಣ ಪಿನಾಕಿನಿ ಹಿಡಿದು ಕಡಲೂರಿನಲ್ಲಿ ಸಮುದ್ರ ಕಾಣುತ್ತದೆ.

ಅಂದರೆ ನಮ್ಮ ಕುಂದೂರಿನ ಹಳ್ಳದ ನೀರು ಹೇಮಾವತಿಯಾಗಿ ಕನ್ನಂಬಾಡಿಯಲ್ಲಿ ಕಾವೇರಿಗೆ ಕೂಡಿ ಇಳಿದು ಬರುವಾಗ ಸಂಗಮದಲ್ಲಿ ಬಸವಣ್ಣನ ಹೊಳೆಯನ್ನು ಜೊತೆಗೆ ಕರೆದುಕೊಳ್ಳುತ್ತದೆ. ಇವತ್ತು ಆ ಹೊಳೆ ತರುವುದು ಹೆಚ್ಚಾಗಿ ಊರಿನ ಕೊಳಚೆ. ಎದೆ ಉರಿಯುವ ಸಂಗತಿ ಇದು. ರಾಜಕಾಲುವೆಗೆ ಕಾಂಕ್ರೀಟು ಸುರಿದು ಕಣ್ಣಿಗೆ ಕಾಣದಂತೆ ಮುಚ್ಚಿದ ಊರಿಗೆ, ತಾನು ದಿಣ್ಣೆಯ ಮೇಲೆ ಕೂತಿದ್ದೇನೆಂಬುದೇ ಮರೆತುಹೋಗಿದೆ. ಪ್ರತಿ ಮಳೆಗಾಲವೂ ನೆನಪಿಸುತ್ತದೆ, ತಗ್ಗಿನ ಬಡಾವಣೆಗಳ ಮನೆಯೊಳಗೇ ನುಗ್ಗಿ ನೆನಪಿಸುತ್ತದೆ. ವಾಹನದಲ್ಲಿ ಓಡಾಡುವವರಿಗೆ ಏರೂ ಇಳಿತವೂ ಗೇರು ಬದಲಿಸುವಷ್ಟೇ ವಿಷಯ. ನಡೆಯುವವರು ಹೆಚ್ಚಿದರೆ ಈ ಅಜ್ಞಾನ ಕೊಂಚವಾದರೂ ಕಡಿಮೆಯಾದೀತು ಎಂದು ನಾನು ನಿಜವಾಗಿ ನಂಬಿದ್ದೇನೆ.

ಲಾಲ್‌ಬಾಗಿನಲ್ಲಿ ಗಾಜಿನ ಮನೆಗೆ ಮುಗಿಬೀಳುವ ಮುಂಚೆ ಬಂಡೆ ಹತ್ತಿ. 300 ಕೋಟಿ ವರ್ಷದ ಕಲ್ಲು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ತುದಿಯಲ್ಲಿ ಕೆಂಪೇಗೌಡರ ಗೋಪುರ. ಕೆಂಪಾಂಬುಧಿಯ ಬಳಿ ಬೆಳಗ್ಗೆ ನೋಡಿದ ಗೋಪುರ ದಿಣ್ಣೆಯ ಆಚೆ, ಇದು ಈಚೆ. ಇಬ್ಬರೂ ಬಂಡೆಯ ಮೇಲೆ ಕೂತು ಯಾವ ನೀರು ಎತ್ತ ಹೋಗುತ್ತದೆಂದು ಬೆರಳು ತೋರಿಸಿ ವಾದ ಮಾಡಬಹುದು, ನಾವು ಮಾಡಿದೆವು.

ಒಟ್ಟು ಎಂಟೊಂಬತ್ತು ಕಿಲೋಮೀಟರು. ಜೊತೆಯಲ್ಲಿ ನಡೆಯುವಾಗ ಒಬ್ಬರು ಮುಂದೆ, ಒಬ್ಬರು ಹಿಂದೆ ಆಗಬೇಡಿ. ಏರಿನಲ್ಲಿ ನಿಧಾನದವರ ಹೆಜ್ಜೆಯೇ ಇಬ್ಬರ ಹೆಜ್ಜೆ. ಪರಿಷೆಯ ಸೋಮವಾರ ವಿಪರೀತ ನೂಕುನುಗ್ಗಲು. ಮಂಡಿ ನೋವಿದ್ದವರು ಹಿಂದಿನ ಶನಿವಾರವೋ ಭಾನುವಾರವೋ ಹೋಗಿ, ಅಂಗಡಿಗಳು ಆಗಲೇ ಕೂತಿರುತ್ತವೆ. ಕಡಲೆಕಾಯಿಯನ್ನು ಮಾತ್ರ ಕೊನೆಗೆ ಕೊಳ್ಳಬೇಡಿ, ಬಂಡೆ ಹತ್ತುವ ಮುಂಚೆ ಜೇಬಿನಲ್ಲಿರಲಿ.