ಟೈಮ್ ಎಂಬ ಕಾಲಂ

ಎಮ್ಮಿಗನೂರು ಬಿಟ್ಟು ಬೆಂಗಳೂರಿನಲ್ಲಿ ನೆಲೆನಿಂತ ನಮ್ಮ ಹುಡುಗರ ನಡುವೆ ಈಗೊಂದು ಎಕ್ಸೆಲ್ ಹಾಳೆ ಓಡಾಡುತ್ತಿದೆ. ಹೆಸರು ‘ರಿಂಗ್ ಪ್ಲ್ಯಾನ್’. ಬರೆದವನು ನನ್ನ ಅಕ್ಕನ ಮಗ. ಎಂಟು ಜನ, ಏಳು ದಿನ, ಎರಡು ಕಾರು. ಜರ್ಮನಿಗೆ ಹೋಗಿ ನ್ಯೂರ್‌ಬುರ್ಗ್‌ರಿಂಗ್‌ನ ಹಳೆಯ ರೇಸ್ ಟ್ರ್ಯಾಕಾದ ಉತ್ತರ ಸುತ್ತಿನಲ್ಲಿ ತಾವೇ ಸ್ಟಿಯರಿಂಗ್ ಹಿಡಿದು ಬರುವುದು. ನೋಡಿದವರೆಲ್ಲ ‘ಪ್ಲ್ಯಾನ್ ಅಂದ್ರೆ ಇದಪ್ಪ’ ಅನ್ನುತ್ತಿದ್ದಾರೆ. ಇನ್ನೆರಡು ಗುಂಪಿನವರು ಹೆಸರುಗಳನ್ನಷ್ಟೇ ಬದಲಿಸಿ ಇದನ್ನೇ ಹಿಡಿದು ಹೊರಡುವವರಿದ್ದಾರಂತೆ. ಒಂದು ಬರಹಕ್ಕೆ ಇಷ್ಟು ಕೀರ್ತಿ ಬಂದಮೇಲೆ ಯಾರಾದರೂ ಅದನ್ನು ಓದಬೇಕಲ್ಲ. ‘ಮಾಮ, ತಪ್ಪಿದ್ರ ಹೇಳ್ರಿ’ ಅಂತ ಅವನೇ ಕಳಿಸಿದ್ದ. ಹೇಳುತ್ತಿದ್ದೇನೆ.

ಒಳ್ಳೆಯದನ್ನು ಮೊದಲು ಹೇಳಿ ಮುಗಿಸುತ್ತೇನೆ. ಷೆಂಗೆನ್ ವೀಸಾಕ್ಕೆ 30,000 ಯೂರೋ ವಿಮೆ ಬೇಕೆಂಬುದು ಹಾಳೆಯಲ್ಲಿದೆ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ತರಬೇಕು, ಅದರ ಆಯುಷ್ಯ ಒಂದೇ ವರ್ಷ ಎಂಬುದೂ ಇದೆ. ಫ್ರಾಂಕ್‌ಫರ್ಟಿನಲ್ಲಿ ಇಳಿದವರು ನೇರ ಟ್ರ್ಯಾಕಿಗೆ ನುಗ್ಗದೆ, ರೈನ್ ಮೊಸೆಲ್ ನದಿಗಳು ಕೂಡುವ ಕೋಬ್ಲೆಂಜ್‌ನಲ್ಲಿ ಒಂದು ರಾತ್ರಿ ತಂಗಿ ಬಲಬದಿಯ ಓಡಾಟಕ್ಕೆ ಕೈ ಪಳಗಿಸಿಕೊಳ್ಳುತ್ತಾರೆ. ಜಾಣತನದ ಏರ್ಪಾಟು. ಊಟದ ಪುಟದಲ್ಲಿ ಚಟ್ನಿಪುಡಿಯ ತೂಕ ಕೂಡ ಬರೆದಿದ್ದಾನೆ. ಅಕ್ಕನ ಕೈವಾಡ ಇರಬೇಕು.

ಇನ್ನು ಮೂರನೆಯ ದಿನ. ಈ ಹಾಳೆಯ ಗರ್ಭಗುಡಿ ಅದೇ. ಅಲ್ಲಿರುವುದು ಒಂದೇ ಸಾಲು: ‘ಬುಧವಾರ, ಬೆಳಿಗ್ಗೆ 10ರಿಂದ 12, ರಿಂಗ್, ತಲಾ 2 ಸುತ್ತು.’ ಅದರ ಮುಂದೆ ಎಂಟು ಹೆಸರು, ಪ್ರತಿ ಹೆಸರಿನ ಮುಂದೆ ‘ಟೈಮ್’ ಎಂಬ ಕಾಲಂ, ಸೆಕೆಂಡಿನ ಹತ್ತರಲ್ಲೊಂದು ಭಾಗದವರೆಗೆ ಬರೆಯಲು ಜಾಗ.

ಮೊದಲು ಬುಧವಾರ. ವಾರದ ದಿನಗಳಲ್ಲಿ ಆ ಸುತ್ತಿನ ಹಗಲು ಬಹುಮಟ್ಟಿಗೆ ಕಾರು ಕಂಪನಿಗಳ ಪರೀಕ್ಷೆಗೇ ಹೋಗುತ್ತದೆ. ಸಾರ್ವಜನಿಕರಿಗೆ ಗೇಟು ತೆರೆಯುವುದು ಸಾಮಾನ್ಯವಾಗಿ ಸಂಜೆ, ಅದೂ ಒಂದೆರಡು ಗಂಟೆ. ಬೆಳಿಗ್ಗೆ ಹತ್ತಕ್ಕೆ ಹೋಗಿ ನಿಂತರೆ ಕಾಣುವುದು ಬೇಲಿ, ಅದರಾಚೆ ಮೈತುಂಬ ಚುಕ್ಕಿಬಟ್ಟೆ ಸುತ್ತಿಕೊಂಡ ಹೊಸ ಮಾಡೆಲ್ಲುಗಳು.

ಬುಧವಾರವನ್ನು ಭಾನುವಾರ ಮಾಡಿಕೊಳ್ಳೋಣ. ಆಗಲೂ ಗಣಿತ ಕೂಡಿಬರುವುದಿಲ್ಲ. ಎಂಟು ಜನ, ತಲಾ ಎರಡು, ಒಟ್ಟು 16 ಸುತ್ತು. ಹೊಸಬನಿಗೆ ಒಂದು ಸುತ್ತಿಗೆ 12 ನಿಮಿಷವಾದರೂ ಬೇಕು. ಹೊರಗೆ ಬರಬೇಕು, ನಿಲ್ಲಿಸಬೇಕು, ಬ್ರೇಕು ಆರಬೇಕು, ಸೀಟು ಕನ್ನಡಿ ಸರಿಮಾಡಿಕೊಳ್ಳಬೇಕು, ಟಿಕೆಟ್ ಗೇಟಿನ ಸಾಲಿನಲ್ಲಿ ಮತ್ತೆ ನಿಲ್ಲಬೇಕು. 20 ನಿಮಿಷಕ್ಕೆ ಒಂದು ಸುತ್ತು ಎಂದರೂ ಒಂದು ಕಾರಿಗೆ 320 ನಿಮಿಷ, ಎರಡು ಕಾರಿಗೆ 160. ಹಾಳೆ ಕೊಟ್ಟಿರುವುದು 120. ಇದರ ನಡುವೆ ಯಾವನೋ ಒಬ್ಬ ತಡೆಗಂಬಿಗೆ ಗುದ್ದಿದರೆ ಟ್ರ್ಯಾಕು ಬಂದ್. ಅರ್ಧ ಗಂಟೆಯೋ ಎರಡು ಗಂಟೆಯೋ ಯಾರೂ ಹೇಳಲಾರರು. ಅಲ್ಲಿಗೆ ಹೋಗುವವರ ಮುಖ್ಯ ಕೆಲಸವೇ ಕಾಯುವುದು. ಈ ಹಾಳೆಯಲ್ಲಿ ‘ಕಾಯುವುದು’ ಎಂಬ ಪದವೇ ಇಲ್ಲ.

ವಿಮೆಯ ಸಾಲು ಇನ್ನೂ ಎಡವಟ್ಟು. ಏರ್‌ಪೋರ್ಟಿನಲ್ಲಿ ಬಾಡಿಗೆಗೆ ಪಡೆದ ಕಾರನ್ನೇ ಸುತ್ತಿಗಿಳಿಸುವುದು ಇವನ ಲೆಕ್ಕ. ಸಾಮಾನ್ಯ ಬಾಡಿಗೆ ಕರಾರುಗಳು ಇದನ್ನು ಒಪ್ಪುವುದಿಲ್ಲ. ಅಲ್ಲಿ ಏನಾದರೂ ಆದರೆ ವಿಮೆಯ ರಕ್ಷಣೆ ಕೈಬಿಡುತ್ತದೆ. ಟ್ರ್ಯಾಕಿಗೆಂದೇ ಸಜ್ಜು ಮಾಡಿದ ಕಾರುಗಳನ್ನು ಬಾಡಿಗೆಗೆ ಕೊಡುವವರು ಆ ಊರಿನ ಸುತ್ತಮುತ್ತಲೇ ಇದ್ದಾರೆ, ಅವರ ದರವೇ ಬೇರೆ. ಗುದ್ದಿದರೆ ಬಗ್ಗಿದ ಕಂಬಿಯ ರಿಪೇರಿ, ಗಾಡಿ ಎತ್ತಿದ ಖರ್ಚು ಎಲ್ಲ ಓಡಿಸಿದವನ ತಲೆಗೆ. ಹಾಳೆಯಲ್ಲಿ ‘ಇತರೆ ಖರ್ಚು’ ಎಂಬುದರ ಮುಂದೆ 200 ಯೂರೋ ಇದೆ.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ತಿದ್ದಲಾಗದ್ದು ಆ ಟೈಮ್ ಕಾಲಂ. ಸಾರ್ವಜನಿಕರಿಗೆ ತೆರೆದಾಗ ಉತ್ತರ ಸುತ್ತು ರೇಸ್ ಟ್ರ್ಯಾಕಾಗಿರುವುದಿಲ್ಲ. ಟೋಲ್ ಕಟ್ಟಿ ಹೋಗುವ ಒಮ್ಮುಖ ರಸ್ತೆಯಾಗಿರುತ್ತದೆ. ಜರ್ಮನಿಯ ರಸ್ತೆ ನಿಯಮವೇ ಅಲ್ಲಿಯೂ ನಿಯಮ. ಎಡಗಡೆಯಿಂದ ಮಾತ್ರ ಓವರ್‌ಟೇಕು. ಸಮಯ ಹಿಡಿದು ಓಡಿಸುವುದು ನಿಷಿದ್ಧ. ಹೋಗಲಿ, ಕದ್ದು ಹಿಡಿಯುತ್ತೇನೆಂದರೂ ಪೂರ್ತಿ ಸುತ್ತಿನ ಸಮಯ ಸಿಗದು. ಒಳಗೆ ಹೋಗುವುದೂ ಹೊರಗೆ ಬರುವುದೂ ಡೋಟಿಂಗರ್ ಹೋಹೆ ಎಂಬ ಒಂದೇ ಉದ್ದನೆಯ ನೇರದಾರಿಯಲ್ಲಿ. ಆ ತುಂಡು ಯಾವಾಗಲೂ ಲೆಕ್ಕದಿಂದ ಹೊರಗೇ ಉಳಿಯುತ್ತದೆ. ಇರಲಾರದ ಸಂಖ್ಯೆಗಾಗಿ ಎಂಟು ಖಾನೆ ಕೊರೆದು ಇಟ್ಟಿದ್ದಾನೆ ನಮ್ಮ ಹುಡುಗ.

ಅವನೊಬ್ಬನ ತಪ್ಪು ಇದಲ್ಲ. ಕಾರುಗಳ ಬಗ್ಗೆ ಬರೆಯುವ, ವಿಡಿಯೊ ಮಾಡುವ ನಮ್ಮ ವಿಮರ್ಶಕರು ಕಲಿಸಿದ್ದು. ಇವರಿಗೆ ‘ಸೆಕೆಂಡಿನವರು’ ಎಂದು ಹೆಸರಿಟ್ಟಿದ್ದೇನೆ. ಯಾವ ಕಾರು ಬಂದರೂ ಇವರ ಮೊದಲ ಪ್ರಶ್ನೆ ‘ರಿಂಗ್ ಟೈಮ್ ಎಷ್ಟು?’ 1983ರಲ್ಲಿ ಸ್ಟೆಫಾನ್ ಬೆಲ್ಲೊಫ್ 6 ನಿಮಿಷ 11 ಸೆಕೆಂಡು, 2018ರಲ್ಲಿ ಟಿಮೊ ಬೆರ್ನ್‌ಹಾರ್ಟ್ 5 ನಿಮಿಷ 19 ಸೆಕೆಂಡು ಎಂದು ಮಗ್ಗಿಯಂತೆ ಒಪ್ಪಿಸುತ್ತಾರೆ. ಎರಡನೆಯದು ಸ್ಪರ್ಧೆಯ ಕಟ್ಟಳೆ ಕಳಚಿಟ್ಟು ಬರೇ ದಾಖಲೆಗಾಗಿ ಸಿದ್ಧಮಾಡಿದ ಗಾಡಿ ಎಂಬುದು ಮಗ್ಗಿಯಲ್ಲಿ ಬರುವುದಿಲ್ಲ. ಸುತ್ತಿನ ಅಳತೆ 20.832 ಕಿಲೋಮೀಟರ್. ಆದರೆ 2019ರವರೆಗೆ ಕಾರು ಕಂಪನಿಗಳು ಬಹುಪಾಲು 20.6 ಕಿಲೋಮೀಟರಿಗೆ ಗಡಿಯಾರ ನಿಲ್ಲಿಸುತ್ತಿದ್ದವು; ಆಮೇಲೆ ಪೂರ್ತಿ ಸುತ್ತಿನದೇ ಲೆಕ್ಕ ಎಂದಾಯಿತು. ಟಿಕೆಟ್ ಕೊಂಡು ಹೋದವರು ಗುಟ್ಟಾಗಿ ಹಿಡಿಯುವ ಸಮಯ ‘ಸೇತುವೆಯಿಂದ ಕಮಾನಿಗೆ’, ಅದು ಸುಮಾರು 19 ಕಿಲೋಮೀಟರ್. ಒಂದೇ ಸುತ್ತಿಗೆ ಮೂರು ಮೊಳಗೋಲು. ಮಗ್ಗದೂರಿನವನು ನಾನು, ಮೂರು ಬಗೆಯ ಗಜ ಇಟ್ಟುಕೊಂಡು ಬಟ್ಟೆ ಅಳೆಯುವ ಅಂಗಡಿಗೆ ನಮ್ಮವರು ಎರಡನೆಯ ಸಲ ಹೋಗುವುದಿಲ್ಲ.

ನಮ್ಮ ಸೀಮೆಯ ಜಾತ್ರೆಗಳಲ್ಲಿ ಎತ್ತುಗಳು ಬಂಡೆ ಎಳೆಯುವ ಪಂದ್ಯ ನೋಡಿದವರಿಗೆ ಇನ್ನೊಂದು ಮಾತು ಹೊಳೆಯುತ್ತದೆ. ಅಲ್ಲಿ ಸಮಯ ಗೊತ್ತುಮಾಡಿರುತ್ತಾರೆ, ದೂರ ಅಳೆಯುತ್ತಾರೆ: ಇಷ್ಟು ನಿಮಿಷದಲ್ಲಿ ಎಷ್ಟು ಅಡಿ? ಕೊನೆಯ ಜೋಡಿ ಎತ್ತಿಗೂ ತನ್ನ ಪಾಲಿನ ಹೊತ್ತು ಪೂರ್ತಿ ಸಿಗುತ್ತದೆ, ಜನ ಅದನ್ನೂ ನಿಂತು ನೋಡುತ್ತಾರೆ. ಸೆಕೆಂಡಿನವರದು ತಿರುಗುಮುರುಗು. ದೂರ ಗೊತ್ತು, ಸಮಯ ಕಡಿಮೆ ಮಾಡುವುದೇ ಪುರುಷಾರ್ಥ. ಅಂದರೆ ಇಷ್ಟು ದುಡ್ಡು ಸುರಿದು ಹೋದ ಜಾಗದಲ್ಲಿ ಆದಷ್ಟು ಕಮ್ಮಿ ಹೊತ್ತು ಇರುವವನೇ ಗೆದ್ದವನು! ಒಂದು ಸುತ್ತಿಗೆ ಮೂವತ್ತು ಯೂರೋದ ಆಸುಪಾಸು ಕೊಡುವ ನಮ್ಮ ಹುಡುಗರು ಇದನ್ನೊಮ್ಮೆ ಯೋಚಿಸಲಿ.

ಇನ್ನೊಬ್ಬ ವಿಮರ್ಶಕರು ನನ್ನ ಹಳೆಯ ಗೆಳೆಯರು, ಆದೋನಿಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರದು ಒಂದೇ ಏಟು: ‘ಹೊರಟಲ್ಲಿಗೇ ಬಂದು ನಿಲ್ಲೋದಕ್ಕೆ ಪ್ರವಾಸ ಅಂತಾರೇನ್ರೀ?’ ಮೇಷ್ಟ್ರೇ, ಜನವರಿಯಲ್ಲಿ ನಮ್ಮೂರ ನೀಲಕಂಠೇಶ್ವರನ ತೇರು ಬೀದಿಯ ಕೊನೆ ಮುಟ್ಟಿ ಎಲ್ಲಿಗೆ ಬರುತ್ತದೆ? ಪ್ರದಕ್ಷಿಣೆ ಹಾಕಿದವನು ಎಲ್ಲಿಗೆ ಬಂದು ನಿಲ್ಲುತ್ತಾನೆ? ‘ಅಲ್ಲಿ ನಡುವೆ ದೇವರಿದೆ’ ಅಂದರು. ಇಲ್ಲಿಯೂ ನಡುವೆ ಒಂದಿದೆ. ಸುತ್ತಿನ ಒಳಗೆ ನ್ಯೂರ್‌ಬುರ್ಗ್ ಊರು, ಊರ ಗುಡ್ಡದ ಮೇಲೆ ಮಧ್ಯಯುಗದ ಹಾಳುಕೋಟೆ. ಕಾರುಗಳು ಓಡುವುದು ಗಡಿಯಾರದ ಮುಳ್ಳಿನಂತೆ, ಕೋಟೆಯನ್ನು ಬಲಕ್ಕಿಟ್ಟುಕೊಂಡು. ಶಾಸ್ತ್ರೋಕ್ತ ಪ್ರದಕ್ಷಿಣೆ. ಮೇಷ್ಟ್ರು ಫೋನಿಟ್ಟರು, ಅವರು ಒಪ್ಪಿದರೆಂದು ನಾನು ಹೇಳುತ್ತಿಲ್ಲ.

ಹುಡುಗನ ಹಾಳೆಯ ನಾಲ್ಕು ಪುಟದಲ್ಲಿ ಆ ಕೋಟೆಯ ಹೆಸರಿಲ್ಲ. ಆ ರಸ್ತೆ ಅಲ್ಲಿ ಯಾಕಿದೆ ಎಂಬುದೂ ಇಲ್ಲ. ಐಫೆಲ್ ಬಡಗುಡ್ಡಗಳ ಸೀಮೆ. ನಿರುದ್ಯೋಗಿಗಳಿಗೆ ಕೂಲಿ ಸಿಗಲಿ ಎಂದು 1925ರಲ್ಲಿ ಶುರುಮಾಡಿ 1927ರಲ್ಲಿ ತೆರೆದ ಕಾಮಗಾರಿ ಅದು. ಬರ ಬಂದಾಗ ಜಲ್ಲಿ ಒಡೆದು ರಸ್ತೆ ಹಾಕಿ ಗಂಜಿ ಕಂಡ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೇಸ್ ಚಾಲಕ ಜಾಕಿ ಸ್ಟೀವರ್ಟ್ ಇಟ್ಟ ‘ಹಸಿರು ನರಕ’ ಎಂಬ ಹೆಸರು ಮಾತ್ರ ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿದೆ. 1968ರಲ್ಲಿ ಮಂಜು ಮಳೆಯ ನಡುವೆ ನಾಲ್ಕು ನಿಮಿಷದ ಅಂತರದಿಂದ ಇಲ್ಲಿನ ರೇಸ್ ಗೆದ್ದವನು ಸ್ಟೀವರ್ಟ್. ಚಾಲಕರ ಸುರಕ್ಷತೆಗಾಗಿ ಹಟ ಹಿಡಿದವನೂ ಅವನೇ. ಅವನ ಭಯ ನಮ್ಮ ಹುಡುಗರ ಟೀಶರ್ಟಿನ ಬರಹವಾಗಿದೆ. ಇನ್ನೊಬ್ಬ ರೇಸ್ ಚಾಲಕ ನಿಕಿ ಲೌಡಾ 1976ರ ಆಗಸ್ಟ್ 1ರಂದು ಗುದ್ದಿ ಸುಟ್ಟುಕೊಂಡ, ಬೆರ್ಗ್‌ವೆರ್ಕ್ ತಿರುವಿಗೆ ತುಸು ಮುಂಚಿನ ಜಾಗಕ್ಕೆ ಹಾಳೆಯಲ್ಲಿ ‘ಫೋಟೊ’ ಎಂದು ಬರೆದಿದೆ. ಓಡುವ ದಾರಿಯ ತಿರುವಿನಲ್ಲಿ ಫೋಟೊಕ್ಕೆ ಯಾರು ನಿಲ್ಲಿಸುತ್ತಾರೆ?

ಎಂಟು ಜನರಲ್ಲಿ ಮೂವರಿಗೆ ಓಡಿಸುವ ಆಸೆಯೇ ಇಲ್ಲ, ನಾನು ಕೇಳಿದೆ. ಹಾಳೆ ಅವರಿಗೂ ತಲಾ ಎರಡು ಸುತ್ತು ಬರೆದಿದೆ, ಬೇಡವೆಂದರೆ ‘ಕೆಫೆ’. ಇಲ್ಲಿ ನನಗೆ ಶ್ರೀಶೈಲದ ಪಾದಯಾತ್ರೆ ನೆನಪಾಗದೆ ಇರದು. ಯುಗಾದಿಗೆ ಮುಂಚೆ ಕನ್ನಡ ಜಿಲ್ಲೆಗಳಿಂದ ಮಲ್ಲಯ್ಯನ ಭಕ್ತರು ಕಂಬಿ ಹೊತ್ತು, ಕೆಲವರು ಮರಗಾಲು ಕಟ್ಟಿಕೊಂಡು, ನಮ್ಮ ರಸ್ತೆಗಳ ಮೇಲೆಯೇ ಹಾದು ಹೋಗುತ್ತಾರೆ. ಆತ್ಮಕೂರು ದಾಟಿ ನಲ್ಲಮಲ ಕಾಡು ಹೊಕ್ಕು, ನಾಗಲೂಟಿ, ಭೀಮನ ಕೊಳ್ಳ ಹತ್ತಿ ಇಳಿದು ಕೈಲಾಸದ್ವಾರ ಸೇರುತ್ತಾರೆ. ಅವರ ಕೈಯಲ್ಲಿ ಹಾಳೆ ಇರುವುದಿಲ್ಲ, ಆದರೂ ಪ್ಲ್ಯಾನ್ ಇರುತ್ತದೆ. ಆ ಪ್ಲ್ಯಾನ್ ಹಿಂದುಳಿಯುವ ಮುದುಕಿಯಿಂದ ಶುರುವಾಗುತ್ತದೆ: ಅವಳು ಇವತ್ತು ಎಲ್ಲಿಯತನಕ ನಡೆದಾಳು? ಅಲ್ಲಿ ಬೀಡು. ನಡೆಯದವನು ಅಕ್ಕಿ, ಪಾತ್ರೆ ಹೇರಿದ ಟೆಂಪೊ ಹೊಡೆದುಕೊಂಡು ಮುಂದೆ ಹೋಗಿ ಒಲೆ ಹೂಡುತ್ತಾನೆ. ಅವನು ಕೆಫೆಯಲ್ಲಿ ಕೂತವನಲ್ಲ. ರಿಂಗ್ ಪ್ಲ್ಯಾನ್ ಶುರುವಾಗುವುದು ಎಲ್ಲರಿಗಿಂತ ಜೋರಾಗಿ ಓಡಿಸುವವನಿಂದ. ಹಿಂದಿನಿಂದ ಬರುವ ವೇಗದ ಗಾಡಿಗೆ ಬಲಕ್ಕೆ ಸರಿದು ದಾರಿ ಬಿಡುವುದೇ ಅಲ್ಲಿ ಹೊಸಬರಿಗಿರುವ ಮೊದಲ ಪಾಠ. ಕನ್ನಡಿ ನೋಡಿ ‘ಬಂದ, ಬಿಡು’ ಎನ್ನಲು ಪಕ್ಕದ ಸೀಟಿನಲ್ಲಿ ಒಬ್ಬರಿದ್ದರೆ ಎಷ್ಟು ಅನುಕೂಲ! ಬ್ರುನ್‌ಶೆನ್ ತಿರುವಿನ ದಿಬ್ಬದ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತು ಬೇರೆಯವರ ಪಾಡು ನೋಡುವ ಸುಖ ಎಂತಹುದು! ಆ ಮೂವರಿಗೆ ಇದ್ದ ಜಾಗ ಇದು. ಹಾಳೆಗೆ ಗೊತ್ತಿಲ್ಲ.

ಇಷ್ಟನ್ನೂ ಕೆಂಪಕ್ಷರದಲ್ಲಿ ಬರೆದು ಕಳಿಸಿದೆ. ನಾಲ್ಕು ದಿನಕ್ಕೆ ಪರಿಷ್ಕೃತ ಆವೃತ್ತಿ ಬಂತು. ಬುಧವಾರ ಭಾನುವಾರವಾಗಿದೆ, 16 ಸುತ್ತು 5 ಆಗಿದೆ, ಬಾಡಿಗೆ ಕಾರು ಬದಲಾಗಿದೆ, ಮೂರು ಹೆಸರಿನ ಮುಂದೆ ಬ್ರುನ್‌ಶೆನ್ ಎಂದಿದೆ. ಕೋಟೆಗೆ ಒಂದು ಗಂಟೆ. ‘ಟೈಮ್ ತೆಗ್ದೀನಿ ಮಾಮ’ ಎಂದು ಕೆಳಗೊಂದು ಸಾಲು. ಕಾಲಂಗಳ ನೆತ್ತಿಯ ಅಕ್ಷರಗಳ ಮೇಲೆ ಸುಮ್ಮನೆ ಕಣ್ಣಾಡಿಸಿದೆ. ಡಿ, ಇ, ಎಫ್. ಎಫ್ ಆದಮೇಲೆ ಎಚ್.