ಕೀವಿಗಿಂತ ಮೊದಲು ಸಾಲು

ದೊಡ್ಡ ಕರುಳಿನ ಬಯಾಪ್ಸಿ ಸ್ಲೈಡ್ ಕೈಗೆ ಬಂದೊಡನೆ ಹೊಸಬರು ಹೈ ಪವರ್ ಲೆನ್ಸಿಗೆ ಹಾರುತ್ತಾರೆ. ನ್ಯೂಟ್ರೋಫಿಲ್‌ಗಳು ಕ್ರಿಪ್ಟಿನ (ಲೋಳೆಪದರದ ಕೊಳವೆಯಂಥ ಗ್ರಂಥಿಯ) ಗೋಡೆ ತೂರಿ ಒಳಗೆ ಕೀವು ಕಟ್ಟಿರುವುದು ಕಂಡರೆ ಸಾಕು, ಅಲ್ಸರೇಟಿವ್ ಕೊಲೈಟಿಸ್ ಎಂದು ಬರೆದುಬಿಡುವ ಆಸೆ. ಈ ಆತುರಕ್ಕೆ ನನ್ನ ತಕರಾರಿದೆ. ಕೀವು ಹೇಳುವುದು ಇವತ್ತಿನ ಜಗಳವನ್ನಷ್ಟೇ. ಶಿಗೆಲ್ಲಾ ಬ್ಯಾಕ್ಟೀರಿಯಾ ತಗುಲಿದ ಕರುಳಲ್ಲೂ ಅದೇ ಕೀವು ಸಿಗುತ್ತದೆ. ಕಾಯಿಲೆ ಹಳೆಯದೋ ಹೊಸದೋ ಎಂದು ತಿಳಿಯಲು ಲೋ ಪವರ್‌ನಲ್ಲಿ ಕ್ರಿಪ್ಟ್‌ಗಳ ಸಾಲು ನೋಡಬೇಕು. ಆರೋಗ್ಯವಂತ ಲೋಳೆಪದರದಲ್ಲಿ ಅವು ಅಡಿಕೆ ತೋಟದ ಮರಗಳಂತೆ ನೆಟ್ಟಗೆ, ಸಮ ಅಂತರದಲ್ಲಿ, ಬುಡ ಕೆಳಗಿನ ತೆಳು ಸ್ನಾಯುಪದರಕ್ಕೆ ತಾಗುವಂತೆ ನಿಂತಿರುತ್ತವೆ. ಬಹುಕಾಲ ಉರಿದ ಕರುಳಲ್ಲಿ ಒಂದು ಕವಲೊಡೆದಿರುತ್ತದೆ, ಇನ್ನೊಂದು ಮೊಟಕಾಗಿ ನೆಲ ಮುಟ್ಟದೆ ನಿಂತಿರುತ್ತದೆ. ಆ ಬುಡದ ಜಾಗವನ್ನು ಪ್ಲಾಸ್ಮಾ ಕೋಶಗಳು ತುಂಬಿಕೊಂಡಿರುತ್ತವೆ. ಎಡಗಡೆಯ ಕರುಳಲ್ಲಿ ಕೆಂಪು ಹರಳಿನ ಪನೆತ್ ಕೋಶ ಕಂಡರಂತೂ ಅದು ತನ್ನ ಊರಲ್ಲದ ಊರಲ್ಲಿ ಮನೆ ಮಾಡಿದೆ ಎಂದೇ ಅರ್ಥ. (ಕವಲು ಒಂದೆರಡಿದ್ದರೆ ನಂಬಬೇಡಿ. ತುಣುಕನ್ನು ಓರೆಯಾಗಿ ಕೊಯ್ದರೆ ಒಳ್ಳೆಯ ತೋಟವೂ ಸೊಟ್ಟಗೆ ಕಾಣುತ್ತದೆ.)

ಸಾಲು ಕೆಡಲು ವಾರಗಳೇ ಬೇಕು, ಮೊದಲ ಸಲ ರಕ್ತಭೇದಿಯಾಗಿ ಬಂದವರಲ್ಲಿ ಅದನ್ನು ನೋಡಿ ಏನು ಪ್ರಯೋಜನ ಎಂದು ಕೇಳಬಹುದು. ಮಾತು ನಿಜ. ಆದರೆ ಆಗಲೂ ಕೀವಿನ ಕಡೆ ಓಡಬೇಕಿಲ್ಲ. ಸಾಲು ಕೆಡುವ ಮೊದಲೇ ಬುಡದಲ್ಲಿ ಪ್ಲಾಸ್ಮಾ ಕೋಶಗಳು ಸೇರುತ್ತವೆ. ಅವೂ ಇಲ್ಲದಿದ್ದರೆ ಕೆಲವು ವಾರ ಬಿಟ್ಟು ಮತ್ತೆ ತುಣುಕು ತೆಗೆಯುವುದೇ ಮರ್ಯಾದೆ. ಗ್ರಾನುಲೋಮಾ, ಅಂದರೆ ರಕ್ಷಕ ಕೋಶಗಳ ಗಂಟು, ಸಿಕ್ಕರೆ ಕರುಳಿನ ಇನ್ನೊಂದು ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಎಂದು ತೀರ್ಮಾನ ಮಾಡಬಹುದಲ್ಲ ಎಂಬ ಇನ್ನೊಂದು ವಾದ ನಮ್ಮ ದೇಶದಲ್ಲಿ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ, ಇಲ್ಲಿ ಕರುಳಿನ ಕ್ಷಯವಿದೆ. ಕ್ಷಯದ ಗ್ರಾನುಲೋಮಾಗಳು ಸಾಮಾನ್ಯವಾಗಿ ದೊಡ್ಡವು, ಒಂದಕ್ಕೊಂದು ಬೆರೆತವು, ಕೆಲವೊಮ್ಮೆ ನಡುವೆ ಗಿಣ್ಣಿನಂತೆ ಕೊಳೆತವು. ಕ್ರೋನ್ಸ್‌ನವು ಪುಟ್ಟವು, ಒಂಟಿಯವು, ಎಷ್ಟೋ ರೋಗಿಗಳಲ್ಲಿ ಸಿಗುವುದೇ ಇಲ್ಲ. ಒಡೆದ ಕ್ರಿಪ್ಟಿನ ಪಕ್ಕ ಹುಟ್ಟಿದ ಗ್ರಾನುಲೋಮಾ ಲೆಕ್ಕಕ್ಕಿಲ್ಲ, ಅದು ಅಲ್ಸರೇಟಿವ್ ಕೊಲೈಟಿಸ್‌ನಲ್ಲೂ ಬರುತ್ತದೆ. ಕ್ಷಯಕ್ಕೂ ಕ್ರೋನ್ಸ್‌ಗೂ ನಡುವಿನ ಈ ಗೊಂದಲವೂ ಹೊಸದಲ್ಲ. ಕ್ರೋನ್, ಗಿನ್ಸ್‌ಬರ್ಗ್, ಒಪನ್‌ಹೈಮರ್ 1932ರಲ್ಲಿ ಕ್ರೋನ್ಸ್ ಬಗ್ಗೆ ಬರೆಯುವ ಮೊದಲೇ, 1913ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಡಾಲ್‌ಝೀಲ್ ಇಂಥ ಕರುಳುಗಳನ್ನು ಬಣ್ಣಿಸಿ, ದನಗಳಿಗೆ ಬರುವ, ಕ್ಷಯದ ಬಳಗಕ್ಕೇ ಸೇರಿದ ಜೋನ್ ಕಾಯಿಲೆಗೆ ಹೋಲಿಸಿದ್ದ.

ಹಾಗಾಗಿ ಕರುಳಿನುದ್ದಕ್ಕೂ ಕಾಯಿಲೆಯ ಹಂಚಿಕೆ ನೋಡಬೇಕು. ಅಲ್ಸರೇಟಿವ್ ಕೊಲೈಟಿಸ್ ಗುದನಾಳದಿಂದ ಮೇಲಕ್ಕೆ ಎಡೆಬಿಡದೆ ಹಬ್ಬುತ್ತದೆ, ಕ್ರೋನ್ಸ್ ಅಲ್ಲಲ್ಲಿ ಬಿಟ್ಟುಬಿಟ್ಟು ಕೂರುತ್ತದೆ. ಸಣ್ಣ ಕರುಳಿನ ತುದಿಯಿಂದಲೂ ದೊಡ್ಡ ಕರುಳಿನ ಐದು ಕಡೆಗಳಿಂದಲೂ ಕನಿಷ್ಠ ಎರಡೆರಡು ತುಣುಕು ಕೇಳುವುದು ಇದಕ್ಕೇ. ಎಲ್ಲವನ್ನೂ ಒಂದೇ ಬಾಟಲಿಗೆ ಹಾಕಿ ಕಳಿಸಿದರೆ, ಕೆಟ್ಟ ಸಾಲು ಯಾವ ತೋಟದ್ದೆಂದು ನೋಡುವವರಿಗೆ ಗೊತ್ತಾಗುವುದಾದರೂ ಹೇಗೆ?